ಚಿತ್ರ ನೋಡುವವರನ್ನು ನೋಡುವುದು: ಸಣ್ಣ ಗ್ಯಾಲರಿಯ ನನ್ನ ಅನುಭವ

ಯಾವುದೇ ಸಣ್ಣ ಊರಿನ ಗ್ಯಾಲರಿಯ ಅಭಿಪ್ರಾಯ ಪುಸ್ತಕ ತೆರೆದು ನೋಡಿ. ಉದ್ಘಾಟನೆಗೆ ಬಂದ ಅತಿಥಿ ಮೊದಲ ಪುಟದಲ್ಲಿ ‘ಅದ್ಭುತ ಕಲಾಕೃತಿಗಳು, ಶುಭವಾಗಲಿ’ ಎಂದು ಬರೆದಿರುತ್ತಾರೆ. ಮುಂದಿನ ಪುಟಗಳೆಲ್ಲ ಅದೇ, ಸಹಿ ಮಾತ್ರ ಬೇರೆ. ಬರೆಯುವವರು ಹಿಂದಿನವರದ್ದನ್ನು ಓದಿಕೊಂಡೇ ಪೆನ್ನು ಹಿಡಿಯುತ್ತಾರೆ. ಪಕ್ಕದಲ್ಲಿ ಕಲಾವಿದರೇ ಕೂತಿದ್ದರೆ ಇನ್ನೇನು ತಾನೇ ಬರೆದಾರು? ಪುಸ್ತಕ ಇರಲಿ, ಹಿರಿಯರಿಗೆ ಅದು ಮರ್ಯಾದೆಯ ವಿಷಯ. ಚಿತ್ರ ಜನರನ್ನು ಮುಟ್ಟಿತೇ ಎಂದು ತಿಳಿಯಲು ಮಾತ್ರ ಅದನ್ನು ನೆಚ್ಚುವುದಿಲ್ಲ.

ಜನ ಚಿತ್ರಕ್ಕೆ ತೋರುವ ಪ್ರತಿಕ್ರಿಯೆಯಲ್ಲಿ ದೊಡ್ಡ ಪಾಲು ಗೋಡೆಯದು, ಬೆಳಕಿನದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನೇ ತೆಗೆದುಕೊಳ್ಳಿ. ಎಸ್.ಎಲ್. ಹಲ್ದಣಕರ್ ಬರೆದ ಜಲವರ್ಣ ಅದು. ಕತ್ತಲೆ ಕೋಣೆಯಲ್ಲಿ ಇಟ್ಟಿರುವುದರಿಂದ ಮುಖದ ಮೇಲಿನ ಬೆಳಕು ನಿಜವಾದ ದೀಪದ್ದೇ ಅನ್ನಿಸುತ್ತದೆ, ಹಿಂದೆ ಬಲ್ಬ್ ಇದೆಯೇನೋ ಎಂದು ಬಗ್ಗಿ ನೋಡುವವರೂ ಇದ್ದಾರೆ. ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಇದೂ ಅವನದೇ ಎಂದುಕೊಂಡು ಹೊರಡುವವರು ಬಹಳ. ಅದೇ ಚಿತ್ರವನ್ನು ಟ್ಯೂಬ್‌ಲೈಟ್ ಕೆಳಗೆ ತೂಗುಹಾಕಿದ್ದರೆ ಎಷ್ಟು ಜನ ನಿಲ್ಲುತ್ತಿದ್ದರು?

ಆದ್ದರಿಂದ ಮೊದಲು ಎತ್ತರ. ಮನೆಯಲ್ಲಿ ದೇವರ ಫೋಟೋ ಹಾಕುವ ಹಾಗೆ ಬಾಗಿಲ ಮೇಲಿನ ಮಟ್ಟಕ್ಕೆ, ಮುಂದಕ್ಕೆ ಬಾಗಿಸಿ ಚಿತ್ರ ಹಾಕುವ ಅಭ್ಯಾಸ ನಮ್ಮಲ್ಲಿದೆ. ಜನ ಕತ್ತೆತ್ತಿ ನೋಡಿ ‘ಚೆನ್ನಾಗಿದೆ’ ಎಂದು ಮುಂದೆ ಹೋಗುತ್ತಾರೆ, ಕತ್ತು ನೋಯುತ್ತದಲ್ಲ. ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚಿಗೆ ಬರಬೇಕು ಎನ್ನುತ್ತಾರೆ. ನಾನು 56 ಇಡುತ್ತೇನೆ, ಬರುವವರಲ್ಲಿ ಐದಡಿಯ ಅಜ್ಜಿಯರೂ ಶಾಲೆಯ ಮಕ್ಕಳೂ ಹೆಚ್ಚು. ಮೊಳೆಯ ಎತ್ತರಕ್ಕೆ ಲೆಕ್ಕ ಸುಲಭ: 56ಕ್ಕೆ ಚೌಕಟ್ಟಿನ ಅರ್ಧ ಎತ್ತರ ಕೂಡಿಸಿ, ಚೌಕಟ್ಟಿನ ಹಿಂದಿನ ತಂತಿ ಮೊಳೆಗೆ ಸಿಕ್ಕಿ ಬಿಗಿಯಾದಾಗ ಅದರ ನಡುವಿನ ತುದಿ ಚೌಕಟ್ಟಿನ ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಅಷ್ಟು ಕಳೆಯಿರಿ. 36 ಇಂಚು ಎತ್ತರದ ಚಿತ್ರ, ತಂತಿ 3 ಇಂಚು ಕೆಳಗೆ ಅಂದರೆ 56+18−3, 71 ಇಂಚು.

ಬೆಳಕಿನಲ್ಲಿ ಹೆಚ್ಚಿನವರು ಎಡವುವುದು ಗಾಜಿನ ವಿಷಯದಲ್ಲಿ. ಚಿತ್ರದ ಮುಂದೆ ನಿಂತವರು ಕೂದಲು ಸರಿಮಾಡಿಕೊಂಡರೆ ಅವರಿಗೆ ಕಾಣುತ್ತಿರುವುದು ಚಿತ್ರವಲ್ಲ, ತಮ್ಮ ಮುಖ. ದೀಪದ ಕಿರಣ ನೇರ ಕೆಳಗಿನ ಗೆರೆಯಿಂದ 30 ಡಿಗ್ರಿ ಓರೆಯಾಗಿರಲಿ. ಹತ್ತಡಿ ಎತ್ತರದ ಸೀಲಿಂಗ್ ಆದರೆ ದೀಪ ಗೋಡೆಯಿಂದ ಮೂರಡಿ ಆಚೆ ಬರುತ್ತದೆ. ಬೆಳಕಿನ ಪ್ರಮಾಣ ಅಳೆಯುವುದು ಲಕ್ಸ್‌ನಲ್ಲಿ: ಜಲವರ್ಣಕ್ಕೆ 50 ಲಕ್ಸ್ ದಾಟಬಾರದು, ತೈಲವರ್ಣಕ್ಕೆ 150ರಿಂದ 200 ಸಾಕು. ಲಕ್ಸ್ ಅಳೆಯುವ ಮೊಬೈಲ್ ಆ್ಯಪ್ ತೋರಿಸುವುದು ಅಂದಾಜು ಮಾತ್ರ, ಆದರೂ ಎರಡು ಗೋಡೆಗಳ ವ್ಯತ್ಯಾಸ ಗೊತ್ತಾಗುತ್ತದೆ. ಮೈಸೂರು ಶೈಲಿಯ ಚಿತ್ರಕ್ಕೆ ಇದೆಲ್ಲ ಸಾಲದು: ಅದರ ಗೆಸ್ಸೊ (ಚಿನ್ನದ ರೇಕಿನ ಕೆಳಗೆ ಹಚ್ಚುವ ಲೇಪ) ಉಬ್ಬು ತಂಜಾವೂರಿನದಕ್ಕಿಂತ ತೀರಾ ತೆಳು, ಪಕ್ಕದಿಂದಲೂ ಸ್ವಲ್ಪ ಬೆಳಕು ಬೀಳದಿದ್ದರೆ ಚಿನ್ನದ ರೇಕಿನ ಕೆಲಸ ಹಳದಿ ಬಣ್ಣ ಬಳಿದಂತೆ ಕಾಣುತ್ತದೆ. ಆಗಲೇ ‘ಇದು ನಿಜವಾದ ಚಿನ್ನವಾ ಸಾರ್?’ ಎಂಬ ಅನುಮಾನದ ಪ್ರಶ್ನೆ ಬರುವುದು.

ದೇವರ ಚಿತ್ರವಿದ್ದರೆ ಇನ್ನೊಂದು ಮಾತು. ಜನ ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ, ಕೆಲವರು ಚೌಕಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ತಡೆಯಬೇಡಿ, ಅದೂ ಪ್ರತಿಕ್ರಿಯೆಯೇ. ಆದರೆ ಚಿತ್ರದ ಕೆಳಗೆ ಸಣ್ಣ ಕಟ್ಟೆಯೋ ಸ್ಟೂಲೋ ಇದ್ದರೆ ಸಂಜೆಯೊಳಗೆ ಅಲ್ಲಿ ಹೂವು, ನಾಣ್ಯ ಸೇರುತ್ತವೆ. ಹೂವಿನ ತೇವ ಕೆಳಗಿನ ಚೌಕಟ್ಟಿಗೆ ಇಳಿಯುತ್ತದೆ. ಕೆಳಗೆ ಏನನ್ನೂ ಇಡದಿರುವುದೇ ಮದ್ದು. ನೆಲದ ಮೇಲೆ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಎಳೆದ ಬಿಳಿ ಗೆರೆ ಹಗ್ಗಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ರಂಗೋಲಿ ತುಳಿಯದ ಅಭ್ಯಾಸವೋ ಏನೋ.

ಇಷ್ಟಾದ ಮೇಲೆ ನೋಡುವುದು. ಉದ್ಘಾಟನೆಯ ದಿನ ಲೆಕ್ಕಕ್ಕಿಲ್ಲ, ಅಂದು ಜನ ಜನರನ್ನೇ ನೋಡುತ್ತಾರೆ. ಎರಡನೆಯ ದಿನದಿಂದ ಹಾಲ್‌ನ ನಕ್ಷೆ ಬರೆದ ಹಾಳೆ ಇಟ್ಟುಕೊಂಡು ಮೇಜಿನ ಬಳಿ ಕೂರುತ್ತೇನೆ. ಗುಂಪು ಬಂದರೆ ಒಬ್ಬರನ್ನು ಮಾತ್ರ ಹಿಂಬಾಲಿಸುತ್ತದೆ ಪೆನ್ಸಿಲು. ದಾಟಿ ಹೋದರೆ ಅಡ್ಡಗೆರೆ, ನಿಂತರೆ ಉದ್ದಗೆರೆ, ಹತ್ತಿರ ಹೋದರೆ ಕೂಡಿಸುವ ಗುರುತು, ವಾಪಸ್ ಬಂದರೆ ‘ವಾ’, ಜೊತೆಯವರನ್ನು ಕರೆದು ತೋರಿಸಿದರೆ ‘ಕ’. ನನ್ನ ಮಟ್ಟಿಗೆ ಕೊನೆಯ ಎರಡಕ್ಕೇ ಬೆಲೆ. ನಿಂತ ಹೊತ್ತನ್ನು ಅತಿಯಾಗಿ ನಂಬಬೇಡಿ: ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲೇ ಒಂದು ಚಿತ್ರಕ್ಕೆ ಸಿಕ್ಕಿದ್ದು ಸರಾಸರಿ 27 ಸೆಕೆಂಡು. ನಮ್ಮಲ್ಲಿ ಹತ್ತು ಸೆಕೆಂಡು ಕಂಡರೆ ಕುಗ್ಗುವ ಕಾರಣವಿಲ್ಲ.

ಮೂವತ್ತು ಜನರ ಗುರುತು ಸೇರುವಷ್ಟರಲ್ಲಿ ಯಾವ ಚಿತ್ರದ ಮುಂದೆ ಯಾರೂ ನಿಲ್ಲುತ್ತಿಲ್ಲ ಎಂಬುದು ಹಾಳೆಯಲ್ಲಿ ಎದ್ದು ಕಾಣುತ್ತದೆ. ತಕ್ಷಣ ಚಿತ್ರವನ್ನು ದೂರಬೇಡಿ. ಅದನ್ನು ಹೆಚ್ಚು ಗುರುತು ಬಿದ್ದ, ಸುಮಾರು ಅಷ್ಟೇ ಅಳತೆಯ ಚಿತ್ರದ ಜಾಗಕ್ಕೆ ಅದಲುಬದಲು ಮಾಡಿ, ಮತ್ತೆ ಅಷ್ಟೇ ಜನರನ್ನು ನೋಡಿ. ಗುರುತುಗಳು ಚಿತ್ರದ ಜೊತೆ ಹೋದರೆ ಅದು ಚಿತ್ರದ ಗುಣ. ಗೋಡೆಯಲ್ಲೇ ಉಳಿದರೆ ಜಾಗದ ದೋಷ: ಎದುರು ಕಿಟಕಿಯ ಬಿಸಿಲು, ಪಕ್ಕದಲ್ಲಿ ಶೌಚಾಲಯದ ಬಾಗಿಲು, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ಇಲ್ಲವೇ ಹಿಂದೆ ಸರಿದು ನೋಡಲು ಆರಡಿ ಜಾಗವೂ ಇಲ್ಲದಿರುವುದು. ಬಹುಪಾಲು ಸಲ ದೋಷ ಜಾಗದ್ದೇ. ಬಾಗಿಲಿನ ಬಲಕ್ಕೆ ಮೇಜು ಇಟ್ಟರೆ ಜನ ಎಡದಿಂದ ಪ್ರದಕ್ಷಿಣೆಯಾಗಿ ಸುತ್ತುತ್ತಾರೆ, ಕನ್ನಡ ಓದುವ ದಿಕ್ಕಿನಲ್ಲೇ ಚಿತ್ರಗಳೂ ಬರುತ್ತವೆ. ಕೊನೆಯ ಗೋಡೆಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ, ಅಲ್ಲೊಂದು ಬೆಂಚು ಬೇಕೇ ಬೇಕು.

ಮಾತುಗಳ ವಿಷಯ. ‘ಫೋಟೋ ಥರ ಇದೆ’ ಎಂದರೆ ಹೊಗಳಿಕೆ, ಕಲಾವಿದರು ಮುಖ ಸಿಂಡರಿಸಬಾರದು. ಯಾವ ಭಾಗ ಎಂದು ಕೇಳಿದರೆ ಹಿತ್ತಾಳೆ ಕೊಡದ ಮೇಲಿನ ನೀರ ಹನಿಯನ್ನೋ ಸೀರೆಯ ಅಂಚನ್ನೋ ತೋರಿಸುತ್ತಾರೆ, ಅದು ಉಪಯೋಗದ ಮಾಹಿತಿ. ಅಮೂರ್ತ ಚಿತ್ರದ ಮುಂದೆ ‘ಇದರ ಅರ್ಥ ಏನು?’ ಎಂಬುದು ತಪ್ಪಿದ್ದಲ್ಲ. ವಿವರಿಸಲು ಹೊರಟರೆ ಅವರು ತಲೆಯಾಡಿಸಿ ಜಾಗ ಖಾಲಿ ಮಾಡುತ್ತಾರೆ. ‘ಮೊದಲು ಏನು ಕಣ್ಣಿಗೆ ಬಿತ್ತು ಮೇಡಂ?’ ಎಂದು ಕೇಳಿ ಸುಮ್ಮನಿರುವುದು ಮೇಲು. ಊರು, ಕೆರೆ, ಬೀದಿಯ ಚಿತ್ರವಾದರೆ ‘ಇದು ನಮ್ಮ ಏರಿ ಅಲ್ವಾ?’ ಎಂದು ವಾದ ಶುರುವಾಗುತ್ತದೆ. ಲೇಬಲಿನಲ್ಲಿ ಜಾಗದ ಹೆಸರು ಹಾಕಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಮಾಧ್ಯಮ, ಅಳತೆ, ವರ್ಷ ಬರೆಯುತ್ತೇನೆ, ಜಾಗ ಬರೆಯುವುದಿಲ್ಲ. ಬೆಲೆಯೂ ಲೇಬಲಿನಲ್ಲಿ ಬೇಡ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಪೂರ್ತಿ ಮುಚ್ಚಿಟ್ಟರೆ ಎರಡು ಸಾವಿರದ ಚಿತ್ರ ಕೊಳ್ಳಬಹುದಾದವರು ಕೇಳಲು ಸಂಕೋಚಪಟ್ಟು ಹೋಗುತ್ತಾರೆ. ಬಾಗಿಲ ಬಳಿ ಕನ್ನಡದ ಬೆಲೆಪಟ್ಟಿ ತೂಗಿರಲಿ.

ನಿಜವಾದ ಅಭಿಪ್ರಾಯ ತಿಳಿಯಲು ಪುಸ್ತಕದ ಬದಲಿಗೆ ಪೋಸ್ಟ್‌ಕಾರ್ಡ್ ಅಳತೆಯ ಕಾರ್ಡು, ಮುಚ್ಚಿದ ಡಬ್ಬಿ. ಬರೆಯಲು ಪೆನ್ಸಿಲು, ಇಂಕು ಚಿತ್ರಗಳ ಹತ್ತಿರ ಸುಳಿಯಬಾರದು. ಹೆಸರು ಕೇಳುವುದಿಲ್ಲ, ಪ್ರಶ್ನೆ ಎರಡೇ: ಯಾವ ನಂಬರಿನ ಚಿತ್ರವನ್ನು ಮನೆಯಲ್ಲಿ ಹೇಳುತ್ತೀರಿ? ಯಾವುದು ಬೇಡ ಅನ್ನಿಸಿತು? ಎರಡನೆಯದಕ್ಕೆ ಉತ್ತರ ಬರೆಯಲು ಜನ ಅಳುಕುವುದು ಪೆನ್ಸಿಲು ಕಲಾವಿದರ ಎದುರಿಗಿದ್ದಾಗ ಮಾತ್ರ. ಡಬ್ಬಿಯನ್ನು ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿಡಿ. ಪ್ರದರ್ಶನ ಮುಗಿಯುವ ತನಕ ಆ ಕಾರ್ಡುಗಳನ್ನು ಕಲಾವಿದರಿಗೆ ತೋರಿಸುವುದಿಲ್ಲ. ನಡುವೆ ಓದಿದವರು ಮರುದಿನದಿಂದ ‘ಬೇಡ’ದ ಚಿತ್ರದ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ವಿವರಿಸತೊಡಗುತ್ತಾರೆ, ಅಲ್ಲಿಗೆ ನಕ್ಷೆಯ ಗುರುತುಗಳೂ ಕೆಡುತ್ತವೆ.