ಹುಳು ತಿಂದ ಮರದಲ್ಲೊಂದು ಪೆನ್ನು

ಹುಣಸೆಯ ಗಂಟೊಂದನ್ನು ಕೊಯ್ಸಿ ನೋಡಿ. ನಡುವೆ ಕಪ್ಪುಗೆಂಪು ಕೆಚ್ಚು, ಸುತ್ತ ಹಳದಿ ಮಿಶ್ರಿತ ಬಿಳಿ ಭಾಗ, ಅಲ್ಲಲ್ಲಿ ಹುಳು ಕೊರೆದ ತೂತು, ಒಣಗುವಾಗ ಬಿಟ್ಟ ಸೀಳು. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರದಷ್ಟು ಸಾಧು ಅಲ್ಲ ಇದು. ಆದರೆ ಲೇತ್‌ನಲ್ಲಿ ಕಡೆದ ಪೆನ್ನಿಗೆ ಇದರ ಚೆಲುವು ಬೇರೆ ಮರಕ್ಕಿಲ್ಲ. ತೂತುಗಳನ್ನು ತುಂಬುವ ತಾಳ್ಮೆ ಇರಬೇಕು, ಅಷ್ಟೇ.

ತುಂಬಲೇಬೇಕೇ? 19 ಮಿ.ಮೀ. ಚೌಕದ ತುಂಡನ್ನು, ಒಳಗೆ ರೀಫಿಲ್ ಕೂರುವ 7 ಮಿ.ಮೀ. ಹಿತ್ತಾಳೆ ಕೊಳವೆಯ ಸುತ್ತ ಕಡೆಯುತ್ತ ಹೋದರೆ, ತೆಳು ಪೆನ್ನಿನ ತುದಿಯಲ್ಲಿ ಉಳಿಯುವ ಮರ ಒಂದು ಮಿ.ಮೀ.ಗಿಂತ ಕಡಿಮೆ. ಅಷ್ಟು ತೆಳುವಾದ ಕಡೆ ಪೊಟರೆಯಿದ್ದರೆ ಉಳಿ ಸಿಕ್ಕಿಕೊಂಡು ಚೂರು ಹಾರುತ್ತದೆ.

ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ಸೂಜಿಯಿಂದ ತೂತಿನ ಹಿಟ್ಟು, ಸಡಿಲ ತೊಗಟೆ ತೆಗೆಯಿರಿ. ಮರುದಿನ ಮತ್ತೆ ಹಿಟ್ಟು ಉದುರಿದ್ದರೆ ಹುಳು ಇನ್ನೂ ಒಳಗಿದೆ. ಆ ತುಂಡು ಬೇಡ. ಮರ ಪೂರ್ತಿ ಒಣಗಿರಲಿ.

ಕೂದಲೆಳೆಯ ಬಿರುಕಿಗೆ ಫೆವಿಕ್ವಿಕ್‌ನಂಥ ತೆಳು ಅಂಟು ಸಾಕು, ತಾನೇ ಒಳಗೆ ಹರಿಯುತ್ತದೆ. ಬಿಳಿ ಭಾಗದಲ್ಲಿ ಕಲೆಯಾಗದಂತೆ ಮೊದಲೇ ಅರಗಿನ ಪಾಲಿಶ್ ಒಂದು ಕೈ ಬಳಿಯಿರಿ. ಕಿಟಕಿ ತೆರೆದಿಡಿ. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಿಂದ ಒರೆಸಬೇಡಿ: ಈ ಅಂಟು ಹತ್ತಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯೇರುತ್ತದೆ.

ಎರಡು-ಮೂರು ಮಿ.ಮೀ. ತೂತಿಗೆ ನನ್ನ ಆಯ್ಕೆ ಕಾಫಿ ಚರಟ. ಫಿಲ್ಟರ್‌ನಲ್ಲಿ ಉಳಿದಿದ್ದನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ತುಸುವೇ ಒತ್ತಿ ತುಂಬಿ, ಅಂಟಿನ ಒಂದು ಹನಿ ಬಿಡಿ. ಗಟ್ಟಿಯಾದ ಮೇಲೆ ಮತ್ತೊಂದು ಪದರ. ಒಂದೇ ಸಲ ತುಂಬಿದರೆ ಮೇಲೆ ಕಲ್ಲು, ಒಳಗೆ ಪುಡಿ. ಅದೇ ಮರದ ಹುಡಿ ಬಳಸಿದರೆ ಬಣ್ಣ ಹೊಂದುತ್ತದೆ ಎನ್ನುವವರಿದ್ದಾರೆ. ಹೊಂದುವುದಿಲ್ಲ, ಅಂಟು ಕುಡಿದ ಹುಡಿ ಕಪ್ಪಿಟ್ಟು ಮಚ್ಚೆಯಾಗುತ್ತದೆ. ಚರಟವಾದರೆ ಮರದ್ದೇ ಗಂಟಿನಂತೆ ಕಾಣುತ್ತದೆ. ಅಡುಗೆ ಸೋಡಾ ಕ್ಷಣದಲ್ಲಿ ಗಟ್ಟಿಯಾಗುವುದೇನೋ ನಿಜ, ಆದರೆ ಬೆಳ್ಳಗಿನ ಕಲ್ಲಾಗಿ ಉಳಿಯನ್ನೇ ಎಗರಿಸುತ್ತದೆ.

ದೊಡ್ಡ ಪೊಟರೆಗೆ ಅರಾಲ್ಡೈಟ್ ಎಂಬ ಎರಡು ಟ್ಯೂಬಿನ ಅಂಟು. ಎರಡೂ ಟ್ಯೂಬಿನಿಂದ ಸಮನಾಗಿ ತೆಗೆದು ಚೆನ್ನಾಗಿ ಕಲಸಿ, ಬಣ್ಣದ ಪುಡಿಯನ್ನೋ ನಕಲಿ ಕೀ ಮಾಡುವವರ ಯಂತ್ರದ ಕೆಳಗೆ ಬೀಳುವ ಹಿತ್ತಾಳೆ ಪುಡಿಯನ್ನೋ ಬೆರೆಸಿ. ತುಂಡಿನ ಉಳಿದ ಬದಿಗಳಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಅಂಚಿಗಿಂತ ತುಸು ಉಬ್ಬುವಂತೆ ತುಂಬಿ, ಇಳಿಯುತ್ತದೆ. ಹೇರ್ ಡ್ರೈಯರ್‌ನ ಬಿಸಿಗಾಳಿ ತೋರಿಸಿದರೆ ಗುಳ್ಳೆ ಮೇಲೆದ್ದು ಒಡೆಯುತ್ತವೆ. ರಾತ್ರಿಯಿಡೀ ಮುಟ್ಟಬೇಡಿ.

ಕೊಳವೆ ಕೂರುವ ತೂತನ್ನು ತುಂಬಿದ ಮೇಲೆಯೇ ತುಂಡಿನಲ್ಲಿ ಡ್ರಿಲ್ ಮಾಡಬೇಕು, ಅದೂ ನಿಧಾನವಾಗಿ, ಬಿಟ್ ಆಗಾಗ ಹೊರತೆಗೆಯುತ್ತ. ಬಿಸಿಯೇರಿದರೆ ಅರಾಲ್ಡೈಟ್ ಮೆತ್ತಗಾಗುತ್ತದೆ. ಗಟ್ಟಿ-ಮೆದು ಕೂಡುವಲ್ಲಿ ಬಿಟ್ ಮೆದುವಿನತ್ತ ಜಾರುತ್ತದೆ. ಕೊಳವೆಗೆ ಕಪ್ಪು ಬಣ್ಣ ಬಳಿದು ಕೂರಿಸಿ, ಇಲ್ಲದಿದ್ದರೆ ಅರೆಪಾರದರ್ಶಕ ತೇಪೆಯ ಹಿಂದೆ ಹಿತ್ತಾಳೆ ಇಣುಕುತ್ತದೆ.

ಕಡೆಯುವಾಗ ಕೊನೆಯ ಅಳತೆಗೆ ಇನ್ನೂ ಒಂದು ಮಿ.ಮೀ. ಉಳಿದಿರುವಾಗಲೇ ಲೇತ್ ನಿಲ್ಲಿಸಿ ನೋಡಿ. ಹೊಸ ಕುಳಿ ಕಂಡರೆ ಮತ್ತೆ ತುಂಬಿ. ಎರಡು-ಮೂರು ಸಲ ಹೀಗಾಗುವುದು ಮಾಮೂಲು. ಹಿತ್ತಾಳೆ ಪುಡಿಯನ್ನು ಮಾತ್ರ ಕಪ್ಪು ಕೆಚ್ಚಿಗಷ್ಟೇ ಬಳಸಿ. ಬಿಳಿ ಭಾಗದಲ್ಲಿ ತುಂಬಿ ಉಪ್ಪುಕಾಗದ ಉಜ್ಜಿದಾಗ ಅದರ ಧೂಳು ರಂಧ್ರಗಳಿಗೆ ಮೆತ್ತಿ, ನನ್ನದೊಂದು ಪೆನ್ನು ಮಸಿ ಬಳಿದಂತಾಯಿತು. ಹಾಲಿನ ಲೆಕ್ಕ ಬರೆಯಲು ಈಗಲೂ ಅದೇ.