ಟರ್ಬೊ ಕಾರಿನ ಆಕ್ಸಿಜನ್ ಸೆನ್ಸರ್: ಬದಲಿಸುವ ಮೊದಲು ಪರೀಕ್ಷಿಸುವ ಬಗೆ

ಚೆಕ್ ಎಂಜಿನ್ ಲೈಟ್ ಹೊತ್ತಿಕೊಂಡು, ಮೈಲೇಜ್ ಇಳಿದು, ಸ್ಕ್ಯಾನರ್ ಆಕ್ಸಿಜನ್ ಸೆನ್ಸರ್ ಹೆಸರು ತೋರಿಸಿದ ಮಾತ್ರಕ್ಕೆ ಸೆನ್ಸರೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಹೊಗೆಯಲ್ಲಿ ಉಳಿದ ಆಮ್ಲಜನಕ ಎಷ್ಟೆಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಸುದ್ದಿ ಮುಟ್ಟಿಸುವುದಷ್ಟೇ ಅದರ ಕೆಲಸ. ಸುದ್ದಿ ಕೆಟ್ಟದ್ದಾಗಿದ್ದರೆ ತಪ್ಪು ಬೇರೆಲ್ಲೋ ಇರಬಹುದು.

ಮೊದಲು ಕೋಡ್ ಓದಿ. ಪಿ0135 ಬಂದರೆ ಮುಂದಿನ ಸೆನ್ಸರಿನ ಹೀಟರ್ (ಸೆನ್ಸರನ್ನು ಬಿಸಿ ಮಾಡುವ ತಂತಿ) ಸರ್ಕ್ಯೂಟ್, ಪಿ0141 ಬಂದರೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ದಾಟಿದ ಮೇಲಿರುವ ಸೆನ್ಸರಿನ ಹೀಟರ್ ಸರ್ಕ್ಯೂಟ್. ಪಿ0133 ಎಂದರೆ ಸೆನ್ಸರ್ ನಿಧಾನವಾಗಿದೆ. ಪಿ0171 ಮಾತ್ರ ಬಂದಿದ್ದರೆ ಸೆನ್ಸರಿಗೆ ಕೈ ಹಾಕಬೇಡಿ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದು ಅದು ಹೇಳುತ್ತಿದೆ, ಗಾಳಿ ಎಲ್ಲಿ ನುಗ್ಗುತ್ತಿದೆ ಎಂದು ಹುಡುಕಿ.

ಮೂಡಿಗೆರೆ, ಸಕಲೇಶಪುರ ಕಡೆಯ ಕಾರುಗಳಲ್ಲಿ ಮೊದಲು ನೋಡಬೇಕಾದ್ದು ವೈರ್ ಮತ್ತು ಕನೆಕ್ಟರ್. ತಿಂಗಳುಗಟ್ಟಲೆ ಸುರಿಯುವ ಮಳೆಗೆ ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ, ತೋಟದ ಶೆಡ್ಡಿನಲ್ಲಿ ನಿಂತ ಕಾರಿನ ವೈರನ್ನು ಇಲಿ ಕಡಿಯುತ್ತದೆ. ಟರ್ಬೊ ಪಕ್ಕದಲ್ಲಿ ಹಾದ ವೈರ್ ಶಾಖಕ್ಕೆ ಸೀದು ಬಿರುಕು ಬಿಟ್ಟಿರುವುದೂ ಉಂಟು. ಕಿಲುಬನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಪೂರ್ತಿ ಒಣಗಿಸಿ. ತುಂಡಾದ ವೈರನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಅದುಮಿ) ಸೇರಿಸಿ, ಬೆಸುಗೆ ಹಾಕಬೇಡಿ. ಕನೆಕ್ಟರಿಗೆ ಗ್ರೀಸ್ ಕೂಡ ಬೇಡ. ಬಹಳಷ್ಟು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಆ ದಾರಿ ಮುಚ್ಚಿದರೆ ಹೊಸ ಸೆನ್ಸರೂ ಸುಳ್ಳು ಹೇಳುತ್ತದೆ.

ಆಮೇಲೆ ಹೀಟರ್. ಎಂಜಿನ್ ತಣ್ಣಗಿರುವಾಗ ಕನೆಕ್ಟರ್ ಬಿಚ್ಚಿ, ಸೆನ್ಸರ್ ಕಡೆಯ ಒಂದೇ ಬಣ್ಣದ ಎರಡು ವೈರ್‌ಗಳ (ಹೆಚ್ಚಾಗಿ ಬಿಳಿ) ನಡುವೆ ಮಲ್ಟಿಮೀಟರ್ ಇಡಿ. ಸಾಮಾನ್ಯವಾಗಿ 2ರಿಂದ 15 ಓಮ್ ಬರುತ್ತದೆ; ನಿಮ್ಮ ಮಾಡೆಲಿನ ಅಂಕಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಏನೂ ತೋರಿಸದಿದ್ದರೆ ಹೀಟರ್ ಸುಟ್ಟಿದೆ, ಸೆನ್ಸರ್ ಬದಲಿಸಲೇಬೇಕು. ಹೀಟರ್ ಸರಿಯಿದ್ದೂ ಕೋಡ್ ಮರುಕಳಿಸಿದರೆ, ಎಂಜಿನ್ ಓಡುವಾಗ ಕಾರಿನ ಕಡೆಯ ಕನೆಕ್ಟರಿಗೆ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ ನೋಡಿ. ಬರದಿದ್ದರೆ ಫ್ಯೂಸ್ ಹುಡುಕಿ.

ಸಿಗ್ನಲ್ ನೋಡಲು ಎಂಜಿನ್ ಚೆನ್ನಾಗಿ ಬಿಸಿಯಾಗಬೇಕು. 300 ಡಿಗ್ರಿ ದಾಟದೆ ಸೆನ್ಸರ್ ಸರಿಯಾಗಿ ಮಾತಾಡುವುದಿಲ್ಲ. ನಾಲ್ಕು ವೈರಿನ ಹಳೆಯ ಬಗೆಯದಾದರೆ 2,500 ಆರ್‌ಪಿಎಮ್‌ನಲ್ಲಿ ವೋಲ್ಟೇಜ್ 0.1 ಮತ್ತು 0.9ರ ನಡುವೆ ಚುರುಕಾಗಿ ಏರಿಳಿಯಬೇಕು. 0.45ರ ಆಸುಪಾಸಿನಲ್ಲೇ ನಿಂತಿದ್ದರೆ ವೈರ್ ತುಂಡಾಗಿದೆ ಅಥವಾ ಸೆನ್ಸರ್ ಬಿಸಿಯಾಗಿಲ್ಲ. ಐದು-ಆರು ವೈರಿನ ಹೊಸ ಬಗೆಯ ವೈಡ್‌ಬ್ಯಾಂಡ್ ಸೆನ್ಸರನ್ನು ಮಲ್ಟಿಮೀಟರಿನಿಂದ ಅಳೆಯಲು ಹೋಗಬೇಡಿ, ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ ನೋಡಿ (ಗಾಳಿ-ಪೆಟ್ರೋಲ್ ಪ್ರಮಾಣದ ಅಂಕಿ; 1 ಎಂದರೆ ಸಮ, ಕೆಳಗಿದ್ದರೆ ಪೆಟ್ರೋಲ್ ಹೆಚ್ಚು, ಮೇಲಿದ್ದರೆ ಗಾಳಿ ಹೆಚ್ಚು): ಐಡಲ್‌ನಲ್ಲಿ 1ರ ಹತ್ತಿರ ಇರಬೇಕು.

ಟರ್ಬೊ ಕಾರಿನಲ್ಲಿ ಎಡವುವುದು ಇಲ್ಲಿ. ಚಾರ್ಮಾಡಿ ಘಾಟಿ ಹತ್ತುವಾಗ ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಪೂರ್ತಿ ಏರಿದರೆ, ಎಂಜಿನ್ ತಂಪಾಗಿರಲೆಂದು ಇಸಿಯು ಹೆಚ್ಚು ಪೆಟ್ರೋಲ್ ಕೊಡಬಹುದು; ಲ್ಯಾಂಬ್ಡಾ ಆಗ 1ಕ್ಕಿಂತ ಕೆಳಗಿಳಿಯುತ್ತದೆ. ಅದೇ ಘಾಟಿಯನ್ನು ಗೇರಿನಲ್ಲಿ ಕಾಲು ತೆಗೆದು ಇಳಿಯುವಾಗ ಪೆಟ್ರೋಲ್ ನಿಂತು ಲ್ಯಾಂಬ್ಡಾ ಮೇಲಕ್ಕೆ ಹಾರುತ್ತದೆ. ಎರಡೂ ಆರೋಗ್ಯದ ಲಕ್ಷಣ. ಇಳಿಜಾರಿನಲ್ಲೂ ರೀಡಿಂಗ್ ಅಲುಗಾಡದಿದ್ದರೆ ಮಾತ್ರ ಅನುಮಾನಿಸಿ.

ಸೆನ್ಸರಿಗಿಂತ ಮುಂಚಿನ ಹೊಗೆ ದಾರಿಯಲ್ಲಿ ಸೋರಿಕೆ ಇದ್ದರೆ ಹೊರಗಾಳಿ ಒಳಗೆ ಎಳೆಯಲ್ಪಟ್ಟು, ಗಾಳಿ ಹೆಚ್ಚಾಗಿದೆ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಟರ್ಬೊ ಮತ್ತು ಅದರಿಂದ ಹೊಗೆ ಹೊರಡುವ ಡೌನ್‌ಪೈಪ್ ಸೇರುವ ಗ್ಯಾಸ್ಕೆಟ್ ಬಳಿ ಕಪ್ಪು ಮಸಿಯ ಗೆರೆ ಇದೆಯೇ ನೋಡಿ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಸದ್ದು ಕೇಳಿ. ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಮೀಟರ್ ಇರುವ ಕಾರಿನಲ್ಲಿ, ಟರ್ಬೊ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಹೋಸ್ ಬಿಚ್ಚಿಕೊಂಡಿದ್ದರೆ ಇದರ ಉಲ್ಟಾ: ಅಳೆದ ಗಾಳಿ ಎಂಜಿನ್ ತಲುಪದೆ ಪೆಟ್ರೋಲ್ ಹೆಚ್ಚಾಗುತ್ತದೆ. ಎಥನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡುತ್ತಿದೆ ಎಂದು ಸ್ಕ್ಯಾನರ್ ತೋರಿಸುವ ಅಂಕಿ) ಕೆಲವು ಅಂಕ ಪ್ಲಸ್ ಕಡೆ ಇರುವುದು ಸಹಜ; 10 ಶೇಕಡಾ ದಾಟಿ ನಿಂತರೆ ಸೋರಿಕೆ ಹುಡುಕಿ.

ಬದಲಿಸುವುದೇ ಆದರೆ ಹಿಂದಿನ ರಾತ್ರಿ ಥ್ರೆಡ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಎಂಜಿನ್ ಬೆಚ್ಚಗಿರುವಾಗ 22 ಎಂಎಂ ಸೀಳು ಸಾಕೆಟ್ಟಿನಿಂದ ಬಿಚ್ಚಿ. ತೆಗೆದದ್ದರ ತುದಿಯನ್ನು ಎಸೆಯುವ ಮುನ್ನ ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿ ಪುಡಿ ಇದ್ದರೆ ಸಿಲಿಕೋನ್ ಸೀಲಂಟ್ ಅಥವಾ ಕೂಲಂಟ್, ಎಣ್ಣೆಯ ಜಿಗುಟು ಇದ್ದರೆ ಟರ್ಬೊ ಸೀಲ್ ಸೋರುತ್ತಿರಬಹುದು. ಆ ಮೂಲವನ್ನು ಸರಿಮಾಡದೆ ಹೊಸದನ್ನು ಕೂರಿಸಿದರೆ ಅದೂ ಬೇಗ ಹಾಳಾಗುತ್ತದೆ. ಹೊಸದರ ಥ್ರೆಡ್ ಮೇಲೆ ಹೆಚ್ಚಾಗಿ ಕಂಪನಿಯೇ ಪೇಸ್ಟ್ ಹಚ್ಚಿರುತ್ತದೆ. ತುದಿಗೆ ಏನೂ ತಾಗದಿರಲಿ. ಕೈಯಲ್ಲೇ ಪೂರ್ತಿ ತಿರುಗಿಸಿ, ಕೊನೆಗೆ 40ರಿಂದ 50 ನ್ಯೂಟನ್ ಮೀಟರ್ ಟಾರ್ಕ್ ಕೊಡಿ. ಕೈ ಜಾರಿ ನೆಲಕ್ಕೆ ಬಿದ್ದ ಸೆನ್ಸರನ್ನು ಹಾಕಬೇಡಿ, ಒಳಗಿನ ಸೆರಾಮಿಕ್ ಒಡೆದಿರಬಹುದು. ವೈರನ್ನು ಹೀಟ್ ಶೀಲ್ಡಿಗೆ ತಾಗದಂತೆ ಕ್ಲಿಪ್ ಮಾಡಿ, ಕೋಡ್ ಅಳಿಸಿ, ಹಾಸನದಿಂದ ಬೇಲೂರಿಗೆ ಹೋಗಿಬರುವಷ್ಟು ದೂರ ಓಡಿಸಿ ಟ್ರಿಮ್ ಮತ್ತೆ ನೋಡಿ.