ಅಳಿವಿನಂಚಿನ ಪೊದೆಗಿಡದಿಂದ ಸಸಿ ಮಾಡುವುದು ಹೇಗೆ?

ಕೈಗೆಟುಕುವ ಒಂದೇ ಗಿಡದಿಂದ ಇನ್ನೂರು ಕಡ್ಡಿ ಕತ್ತರಿಸಿ ನೆಟ್ಟು, ಇನ್ನೂರು ಗಿಡಗಳನ್ನು ಉಳಿಸಿದೆವೆಂದು ಸಂಭ್ರಮಿಸಿದ ತಂಡಗಳನ್ನು ನಾನು ಕಂಡಿದ್ದೇನೆ. ವಂಶವಾಹಿಗಳ ಲೆಕ್ಕದಲ್ಲಿ ಅದು ಒಂದೇ ಗಿಡ. ಹಿಂದೂ ಮಹಾಸಾಗರದ ರೋಡ್ರಿಗಸ್ ದ್ವೀಪದಲ್ಲಿ ಒಂದೇ ಒಂದು ಉಳಿದಿದ್ದ ಕೆಫೆ ಮಾರಾನ್ ಪೊದೆಯ ಕಡ್ಡಿಗಳನ್ನು 1986ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಒಯ್ದರು. ಬೇರು ಬಂತು, ಹೂವೂ ಬಂತು, ಆದರೆ ಬೀಜ ಕಟ್ಟಲು 2003ರವರೆಗೆ ಕಾಯಬೇಕಾಯಿತು.

ಮೊದಲು ಲಿಖಿತ ಅನುಮತಿ ಪಡೆಯಿರಿ. ಬಳಿಕ ಉಳಿದಿರುವ ಪ್ರತಿ ಗಿಡಕ್ಕೂ ಒಂದೊಂದು ಸಂಖ್ಯೆ ಕೊಟ್ಟು ನಕ್ಷೆಯಲ್ಲಿ ಗುರುತಿಸಿ. ಬೀಜ ಸಿಗುವಂತಿದ್ದರೆ ಬೀಜವೇ ಮೇಲು, ಆದರೆ ಆ ವರ್ಷ ಬಿಟ್ಟ ಬೀಜದಲ್ಲಿ ಶೇ 10ಕ್ಕಿಂತ ಹೆಚ್ಚು ತೆಗೆಯಬೇಡಿ.

ಕೆಲಸ ಕೆಡುವುದು ಕಡ್ಡಿ ತೆಗೆಯುವಾಗ. ಬಿಸಿಲೇರುವ ಮುನ್ನ, ಹೂವಿಲ್ಲದ, ಅರೆಬಲಿತ ರೆಂಬೆಯಿಂದ 10–15 ಸೆಂ.ಮೀ. ಉದ್ದದ ಕಡ್ಡಿಯನ್ನು ಗಿಣ್ಣಿನ ತುಸು ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಿ, ಅದೇ ಕ್ಷಣದಲ್ಲಿ ತಾಯಿಗಿಡದ ಸಂಖ್ಯೆಯನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಕಟ್ಟಬೇಕು. ಮನೆಗೆ ಹೋಗಿ ಬರೆಯುತ್ತೇನೆಂದವರ ಚೀಲದಲ್ಲಿ ಕಡ್ಡಿಗಳೆಲ್ಲ ಬೆರೆತುಹೋಗಿರುತ್ತವೆ. ಬರೆಯಲು ಪೆನ್ಸಿಲ್ಲೇ ಇರಲಿ. ಮಾರ್ಕರ್ ಪೆನ್ನಿನ ಶಾಯಿ ಎಷ್ಟೇ ಅಳಿಸದೆಂದು ಹೇಳಿ ಮಾರಿದರೂ ಬಿಸಿಲಿಗೆ ಮಾಸುತ್ತದೆ. ಮುಂದಿನ ಗಿಡಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸ್ಪಿರಿಟ್ಟಿನಿಂದ ಒರೆಸದಿದ್ದರೆ ಒಂದರ ರೋಗವನ್ನು ಇನ್ನೊಂದಕ್ಕೆ ನೀವೇ ಅಂಟಿಸಿದಂತೆ. ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರಿನಲ್ಲಿ ಮುಳುಗಿಸದೆ, ಅದೇ ದಿನ ನೆಡಿ.

ಕೆಳಗಿನ ಎಲೆಗಳನ್ನು ತೆಗೆದು, ಬೇರು ಬರಿಸುವ ಹಾರ್ಮೋನು ಪುಡಿಯನ್ನು ಮುಚ್ಚಳಕ್ಕೆ ಸುರಿದುಕೊಂಡು ಬುಡಕ್ಕೆ ಸವರಿ. ಡಬ್ಬಿಯೊಳಗೇ ಅದ್ದಿದರೆ ಉಳಿದ ಪುಡಿಯೆಲ್ಲ ಕೆಡುತ್ತದೆ. ಜೇನುತುಪ್ಪ ಸಾಕೆನ್ನುವವರಿದ್ದಾರೆ, ಕೈತೋಟದಲ್ಲಿ ಆ ಪ್ರಯೋಗ ನಡೆಯಲಿ, ನಲವತ್ತೇ ಉಳಿದಿರುವ ಗಿಡದ ಮೇಲೆ ಬೇಡ. ತೋಟದ ಮಣ್ಣೂ ಬೇಡ, ಬಳಸಿದ ಕುಂಡಗಳೂ ಬೇಡ. ಫೈಟಾಫ್ತೊರದಂಥ ಬೇರುಕೊಳೆ ರೋಗಾಣುಗಳು ಸಸಿಗಳ ಜೊತೆ ಕಾಡಿಗೆ ಹೊಕ್ಕರೆ, ಅಲ್ಲಿ ಉಳಿದ ಗಿಡಗಳೂ ಸಾಯಬಹುದು. ತೊಳೆದ ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ ನೆಟ್ಟು, ಪ್ಲಾಸ್ಟಿಕ್ ಹೊದಿಸಿ, ನೆರಳಿನಲ್ಲಿಡಿ. ಬೇರು ಬಂತೇ ಎಂದು ಕಿತ್ತು ನೋಡಬೇಡಿ.

ಮಳೆಗಾಲದ ಆರಂಭದಲ್ಲಿ ನೆಲಕ್ಕಿಳಿಸುವಾಗ ಆ ಚೀಟಿಗಳು ಮತ್ತೆ ಬೇಕಾಗುತ್ತವೆ: ಒಂದೇ ಸಂಖ್ಯೆಯ ಸಸಿಗಳನ್ನು ಪಕ್ಕಪಕ್ಕದಲ್ಲಿ ನೆಡದೆ, ಬೇರೆ ಬೇರೆ ತಾಯಿಗಿಡಗಳ ಸಸಿಗಳನ್ನು ಬೆರೆಸಿ ನೆಟ್ಟರೆ, ಜೇನುನೊಣಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಬಲ್ಲವು.